ಲಾಕ್‌ಡೌನಲ್ಲಿ ನಮ್ಮ ನರ್ಸಿಂಗ್ ಹೋಮಲ್ಲೇ ಲೈಸ್ (ಹೃದಯದ ರಕ್ತನಾಳದ ಹೆಪ್ಪನ್ನ ಔಷಧಿ ಕೊಟ್ಟು ಕರಗಿಸೋದು) ಮಾಡಿದ್ದು

ನಾನಿರೋದು ಮೂಡಿಗೆರೆ ಕಡೆ, ಹತ್ತು ಬೆಡ್ಡಿನ ನರ್ಸಿಂಗ್ ಹೋಮು. ಆಂಜಿಯೋಗ್ರಾಮು, ಸ್ಟೆಂಟು ಮಾಡೋ ಕ್ಯಾತ್ ಲ್ಯಾಬ್ ಬೇಕಂದ್ರೆ ಹಾಸನ, ಇಲ್ಲಾ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಮೊದ್ಲೆಲ್ಲ ಎಂಐ, ಅಂದ್ರೆ ಹಾರ್ಟ್ ಅಟ್ಯಾಕ್ ಬಂದ್ರೆ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಲೋಡ್ ಮಾಡಿ ಆಂಬುಲೆನ್ಸ್ ಹತ್ತಿಸಿ ಕೈ ತೊಳ್ಕೋತಿದ್ದೆ.

2020ರ ಏಪ್ರಿಲಲ್ಲಿ ಅದು ಎರಡ್ಸಲ ಕೈಕೊಡ್ತು. ಒಬ್ರು ತೋಟದ ಗೌಡ್ರು, ಆಸ್ಪತ್ರೆಗೆ ಹೋದ್ರೆ ಕೊರೊನಾ ವಾರ್ಡಿಗೆ ಹಾಕ್ತಾರೆ ಅಂತ ಹೆದ್ರಿ ರಾತ್ರಿಯೆಲ್ಲಾ ಗ್ಯಾಸು ಗ್ಯಾಸು ಅಂದ್ಕೊಂಡು ಜೀರಿಗೆ ಕಷಾಯ ಕುಡೀತಾ ಕೂತಿದ್ರಂತೆ, ಬಂದಾಗ ಹದಿನಾಲ್ಕು ಗಂಟೆ ದಾಟಿತ್ತು, ಉಳೀಲಿಲ್ಲ. ಇನ್ನೊಬ್ರು ನೋವು ಶುರುವಾಗಿ ಎರಡೇ ಗಂಟೇಲಿ ಬಂದ್ರು, ತಕ್ಷಣ ಕಳಿಸ್ದೆ, ಚೆಕ್‌ಪೋಸ್ಟಲ್ಲಿ ಮುಕ್ಕಾಲು ಗಂಟೆ, ಅಲ್ಲಿ ಮುಟ್ಟಿದ್ಮೇಲೆ ಕೊರೊನಾ ಸ್ವಾಬ್ ರಿಪೋರ್ಟ್ ಬರ್ಲಿ ಅಂತ ಹೊರಗೇ ಮಲಗಿಸಿದ್ರು. ಬದುಕಿದ್ರು, ಇಎಫ್, ಅಂದ್ರೆ ಹೃದಯ ರಕ್ತ ಪಂಪ್ ಮಾಡೋ ಪ್ರಮಾಣ, ಮಾತ್ರ ಶೇಕಡಾ 25ರ ಹತ್ರಕ್ಕೆ ಇಳಿದಿತ್ತು.

ಅವತ್ತೇ ಇಲ್ಲೇ ಲೈಸ್ ಮಾಡೋಣ ಅಂದೆ. ಓನರ್ ಡಾಕ್ಟ್ರು "ಬ್ಲೀಡ್ (ರಕ್ತಸ್ರಾವ) ಆದ್ರೆ ಜನ ಗಾಜು ಒಡೀತಾರೆ ಮಾರಾಯ" ಅಂದ್ರು. ಹೆಪ್ಪು ಕರಗಿಸೋ ಔಷಧಿಗಳಲ್ಲಿ ಟೆನೆಕ್ಟೆಪ್ಲೇಸ್ ಆಗ ಇಪ್ಪತ್ತು ಸಾವಿರದ ಮೇಲಿತ್ತು, ಅದ್ರ ಮಾತೇ ಬೇಡ. ನನ್ನ ದುಡ್ಡಲ್ಲೇ ಅದೇ ಕೆಲಸ ಮಾಡೋ ಸ್ಟ್ರೆಪ್ಟೋಕೈನೇಸ್ ನಾಲ್ಕು ವಯಲ್ (ಔಷಧಿ ಬಾಟ್ಲಿ) ತರಿಸ್ದೆ, ಒಂದಕ್ಕೆ ಎರಡೂವರೆ ಸಾವಿರದ ಆಸುಪಾಸು ಇರ್ಬೇಕು. ಅದ್ರಲ್ಲಿ ಒಂದನ್ನ ಸಿಸ್ಟರ್ ಜೋರಾಗಿ ಅಲ್ಲಾಡ್ಸಿ ಬರೀ ನೊರೆ ಮಾಡಿಟ್ರು, ಎಸೆದೆ. ಹೊಟ್ಟೆ ಉರೀತು.

ಮೊದಲ್ನೇದು ಲಾರಿ ಡ್ರೈವರ್, ಇನ್ಫೀರಿಯರ್, ಅಂದ್ರೆ ಹೃದಯದ ಕೆಳಭಾಗದ ಅಟ್ಯಾಕ್. 15 ಲಕ್ಷ ಯೂನಿಟ್ ಡ್ರಿಪ್ ಅರ್ಧ ಆಗಿಲ್ಲ, ಬಿಪಿ 80ಕ್ಕೆ ಬಿತ್ತು, ಓನರ್ ಬಾಗಿಲಲ್ಲೇ ನಿಂತಿದಾರೆ. ಡ್ರಿಪ್ ನಿಲ್ಸಿ, ಕಾಲೆತ್ತಿಸಿ, ಸಲೈನ್ ಓಡಿಸಿ, ಮತ್ತೆ ನಿಧಾನಕ್ಕೆ ಬಿಟ್ಟೆ. ಒಂದೂವರೆ ಗಂಟೇಲಿ ಇಸಿಜಿಲಿ ಮೇಲೆದ್ದಿದ್ದ ಎಸ್‌ಟಿ ಗೆರೆ ಅರ್ಧಕ್ಕಿಂತ ಕೆಳಗಿಳೀತು, ಅಂದ್ರೆ ನಾಳ ತೆರೀತು, ಮನುಷ್ಯ ಬೀಡಿ ಕೇಳ್ದ! ಇನ್ನು ಸ್ವಾಬ್ ರಿಪೋರ್ಟ್ ನಾಳೆ ಬಂದ್ರೂ ತಲೆ ಕೆಡಿಸ್ಕೊಳೋ ಹಂಗಿಲ್ಲ, ಆಂಜಿಯೋಗ್ರಾಮಿಗೆ ಮಾರನೇ ದಿನ ಕಳಿಸಿದ್ರಾಯ್ತು.

ಇದ್ರ ಮಧ್ಯೆ ಸೋಂಕಿನ ಭಯಕ್ಕೆ ಇಸಿಜಿ ಮಷಿನಿಗೆ ಪಾಲಿಥೀನ್ ಸುತ್ತಿ ನೋಡ್ದೆ, ಪೇಪರ್ ಒಳಗೇ ಮುದ್ದೆಯಾಯ್ತು. ಪಿಪಿಇ ಸಿಗ್ದೇ ಇದ್ದಾಗ ತೋಟದವರ ರೈನ್‌ಕೋಟು ಹಾಕ್ದೆ, ಅದೇ ವಾಸಿ, ಬೆವರು ಮಾತ್ರ ಕೇಳ್ಬೇಡಿ.

ಆ ವರ್ಷ ಹದಿನೇಳೋ ಹದಿನೆಂಟೋ ಜನಕ್ಕೆ ಮಾಡಿದೀನಿ, ಇಬ್ರು ಹೋದ್ರು, ದೊಡ್ಡ ಬ್ಲೀಡ್ ಒಂದೂ ಇಲ್ಲ. ಮನೆಯವರನ್ನ ಐದೇ ನಿಮಿಷದಲ್ಲಿ ಸಹಿಗೆ ಒಪ್ಪಿಸೋಕೆ ಒಂದು ಮಾತಿದೆ, ಅದನ್ನ ಮಾತ್ರ ಇಲ್ಲಿ ಬರೆಯಲ್ಲ.

ಈಗ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೇಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಟೆನೆಕ್ಟೆಪ್ಲೇಸ್ ಫ್ರೀ ಕೊಡ್ತಾರೆ. ನಮ್ಮ ಓನರ್ ಮೊನ್ನೆ ಯಾರ ಹತ್ರಾನೋ "ನಾವು 2020ರಲ್ಲೇ ಶುರು ಮಾಡಿದ್ವಿ" ಅಂತಿದ್ರು. ಆ ನೊರೆ ವಯಲಿನ ದುಡ್ಡು ಇನ್ನೂ ಕೊಟ್ಟಿಲ್ಲ.