ಕಿವಿಗೆ ಹಚ್ಚೆ, ಬೆನ್ನಿಗೆ ಚಿಪ್: ಚಳ್ಳಕೆರೆಯಲ್ಲಿ ನನ್ನ ಅನುಭವ

ಮುಧೋಳ ತಳಿಯ ನಾಯಿಮರಿಯ ಕಿವಿ ವೀಳ್ಯದೆಲೆಯಷ್ಟು ತೆಳು, ಗುರುತಿಗೆ ಅಂಕಿ ಚುಚ್ಚುವ ಹಚ್ಚೆ ಇಕ್ಕಳ ಹಾಕಿದರೆ ಹರಿದೇ ಹೋಗುತ್ತದೆ ಅಂತ ದಾವಣಗೆರೆಯ ನಾಯಿ ಸಾಕುವ ಸ್ನೇಹಿತರು ಹೇಳಿದ್ದರು. ಚರ್ಮದ ಕೆಳಗೆ ಗುರುತಿನ ನಂಬರಿನ ಚಿಪ್ ಹಾಕಿಸಿದರೆ ಚಳ್ಳಕೆರೆ ಕಡೆ ಅದನ್ನು ಓದುವ ರೀಡರ್ ಯಾರ ಹತ್ತಿರ ಇದೆ, ಸುಮ್ನೆ ದುಡ್ಡು ದಂಡ ಅಂತ ಇನ್ನೊಂದಿಷ್ಟು ಜನ. ನಾನು ಎರಡನ್ನೂ ಒಟ್ಟಿಗೆ ಮಾಡಿದೆ. ನಾಲ್ಕೈದು ವರ್ಷದಿಂದ ನನ್ನ ಮನೆಯಿಂದ ಹೋದ ಮರಿಗಳನ್ನು ಸಿಕ್ಕಲ್ಲೆಲ್ಲ ತಡೆದು ನೋಡುತ್ತಿದ್ದೇನೆ. ಕಿವಿಯಲ್ಲಿ ಅಂಕಿ ಓದೋಕೆ ಬರುತ್ತದೆ, ಬೆನ್ನ ಮೇಲೆ ರೀಡರ್ ಬೀಪ್ ಅನ್ನುತ್ತದೆ. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಕೇಳುತ್ತಾರೆ.

ನನ್ನ ಮರಿಗಳು ಹೋಗೋದು ಹೆಚ್ಚಾಗಿ ಕುರಿಗಾರರಿಗೆ. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯ ಮಂದೆಗಳು ಊರೂರು ತಿರುಗುತ್ತವೆ, ರಾತ್ರಿ ಯಾರದ್ದೋ ಹೊಲದಲ್ಲಿ ರೊಪ್ಪ. ತೋಳ ತಡೆಯುವ ನಾಯಿ ಕಂಡರೆ ಎತ್ತಿಕೊಂಡು ಹೋಗುವವರೂ ಇದ್ದಾರೆ. ಕೊರಳಪಟ್ಟಿ ಬಿಚ್ಚಿ ಎಸೆದರೆ ಮುಗೀತು, ಆಮೇಲೆ ಎಲ್ಲ ಕಂದು ನಾಯಿಯೂ ಒಂದೇ. ದನಕ್ಕಾದರೆ 12 ಅಂಕಿಯ ಹಳದಿ ಕಿವಿಯೋಲೆ ಇದೆ. ನಾಯಿಗೆ ಓಲೆ ಹಾಕಿದರೆ ಮೊದಲ ಕಚ್ಚಾಟದಲ್ಲೇ ಕಿವಿ ಸಮೇತ ಕಿತ್ತು ಬರುತ್ತದೆ. ಬೀದಿ ನಾಯಿಗೆ ಕಿವಿ ತುದಿ ಕತ್ತರಿಸಿ ಗುರುತು ಮಾಡುತ್ತಾರಲ್ಲ, ಅದರಿಂದ ಸಂತಾನಹರಣ ಆಪರೇಷನ್ ಆಗಿದೆ ಅಂತ ಗೊತ್ತಾಗುತ್ತದೆಯೇ ಹೊರತು ಯಾರ ನಾಯಿ ಅಂತ ಗೊತ್ತಾಗಲ್ಲ.

ಶುರು ಮಾಡಿದ್ದು ಚಿಪ್‌ನಿಂದ. ತಳಿ ನಾಯಿಗಳನ್ನು ದಾಖಲಿಸುವ ಕೆನಲ್ ಕ್ಲಬ್ ನೋಂದಣಿಗೆ ಚಿಪ್ ಕೇಳುತ್ತಾರೆ, ಹಾಗಾಗಿ ನಾಯಿ ಸಾಕುವ ನಿಮಗೆಲ್ಲ ಅದು ಹೊಸದಲ್ಲ. ನಾನು ಮೊದಲು ತರಿಸಿದ್ದು ಮಾಮೂಲಿ 12 ಮಿಲಿಮೀಟರ್‌ದು. ಲ್ಯಾಬ್ರಡಾರ್‌ಗೆ ಅದು ಸರಿ. ಮುಧೋಳಕ್ಕೆ ಚರ್ಮದ ಕೆಳಗೆ ಕೊಬ್ಬೇ ಇಲ್ಲ, ಸೂಜಿ ದಪ್ಪ, ರಂಧ್ರ ಬೇಗ ಮುಚ್ಚಿಕೊಳ್ಳಲ್ಲ. ಒಂದು ಸೂಲಿನಲ್ಲಿ ಒಂದು ಹೆಣ್ಣು ಮರಿಗೆ ನಮ್ಮ ಡಾಕ್ಟರು ಸಂಜೆ ಹಾಕಿದರು, ರೀಡರ್ ನಂಬರ್ ತೋರಿಸಿತು. ಬೆಳಿಗ್ಗೆ ನೋಡಿದರೆ ಏನೂ ಇಲ್ಲ. ಭುಜ, ಮೊಣಕೈ, ಎದೆ ಎಲ್ಲ ಕಡೆ ಆಡಿಸಿದೆ. ಕೊನೆಗೆ ಮರಿ ಮಲಗಿದ್ದ ಗೋಣಿ ತಾಟಿನ ಮೇಲೆ ರೀಡರ್ ಹಿಡಿದೆ, ಬೀಪ್ ಅಂತು. ಗೋಣಿಯ ಎಳೆಯ ಮಧ್ಯೆ ಅಕ್ಕಿಕಾಳಿನ ಹಾಗೆ ಗಾಜಿನ ಚಿಪ್ ಸಿಕ್ಕಿಕೊಂಡಿತ್ತು.

ಅದಾದ ಮೇಲೆ 8 ಮಿಲಿಮೀಟರ್‌ನ ಸಣ್ಣ ಚಿಪ್‌ಗೆ ಬಂದೆವು. ಸೂಜಿಯೂ ಸಣ್ಣದು, ಮರಿ ಕಿರುಚೋದೂ ಕಡಿಮೆ. ಸೂಜಿ ತೆಗೆದ ಮೇಲೆ ರಂಧ್ರವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು, ಮನಸ್ಸಿನಲ್ಲಿ ನೂರರವರೆಗೆ ಎಣಿಸುವಷ್ಟು ಹೊತ್ತು. ಸೂಜಿ ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಅನ್ನೋದರಲ್ಲೂ ಒಂದು ಗುಟ್ಟಿದೆ. ಅದನ್ನು ನಮ್ಮ ಡಾಕ್ಟರೂ ನಾನೂ ಸೇರಿ ಕಂಡುಕೊಂಡಿದ್ದು, ಇಲ್ಲಿ ಬರೆಯಲ್ಲ. ಆಮೇಲೆ ಒಂದು ಚಿಪ್ಪೂ ಹೊರಗೆ ಬಂದಿಲ್ಲ. ಒಂದೆರಡು ಭುಜದ ಕಡೆ ಜಾರಿವೆ, ಅಷ್ಟೇ.

ರೀಡರ್ ವಿಷಯದಲ್ಲಿ ದುಡ್ಡು ಹೋಗಿದ್ದು ನಿಜ. ಮೊದಲು ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರದ ಹತ್ತಿರ ಕೊಟ್ಟು ತರಿಸಿದ್ದು 125 ಕಿಲೋಹರ್ಟ್ಸ್‌ದು. ಅದು ಆಫೀಸಿನ ಹಾಜರಿ ಕಾರ್ಡ್ ಓದುತ್ತದೆ, ನಾಯಿ ಚಿಪ್ ಓದಲ್ಲ. ನಮಗೆ ಬೇಕಾದ್ದು 134.2 ಕಿಲೋಹರ್ಟ್ಸ್. ಮಾರಿದವನು ವಾಪಸ್ ತಗೊಳ್ಳಲಿಲ್ಲ. ಎರಡನೆಯದಕ್ಕೆ ಏಳು ಸಾವಿರ ಚಿಲ್ಲರೆ ಆಯಿತು, ಇವತ್ತಿಗೂ ಅದೇ ಇದೆ. ಸಣ್ಣ ಚಿಪ್ ದೂರದಿಂದ ಸಿಗಲ್ಲ, ರೀಡರನ್ನು ಚರ್ಮಕ್ಕೆ ತಾಗಿಸಿ ನಿಧಾನ ಎಳೆಯಬೇಕು. ಕುರಿಗಾರರ ನಾಯಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದನ್ನು ಮೊದಲು ಬಿಚ್ಚಿ. ಲೋಹ ಪಕ್ಕದಲ್ಲಿದ್ದರೆ ರೀಡರ್ ತಡವರಿಸುತ್ತದೆ.

ಚಿಪ್ ತೋರಿಸಿದಾಗ ಕುರಿಗಾರರು ಕೇಳುವ ಮೊದಲ ಪ್ರಶ್ನೆ ಒಂದೇ. "ಯಜಮಾನ್ರೇ, ನಾಯಿ ಎಲ್ಲೈತೆ ಅಂತ ಮೊಬೈಲ್‌ನಾಗೆ ಕಾಣ್ತೈತಾ?" ಕಾಣಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ರೀಡರ್ ಹತ್ತಿರ ಬಂದಾಗ ಮಾತ್ರ 15 ಅಂಕಿ ಹೇಳುತ್ತದೆ. ಆ ಅಂಕಿಯ ಮುಂದೆ ಹೆಸರು, ಊರು, ಫೋನ್ ಯಾರಾದರೂ ಬರೆದಿಟ್ಟಿರಬೇಕು. ರೀಡರ್ ಇಲ್ಲದ ಹಳ್ಳಿಯಲ್ಲಿ ಚಿಪ್ ಇದೆ ಅಂತ ಗೊತ್ತಾಗೋದೇ ಇಲ್ಲ, ಅಲ್ವಾ? ಅದಕ್ಕೇ ಕಣ್ಣಿಗೆ ಕಾಣುವ ಗುರುತೂ ಬೇಕು ಅಂತ ಹಚ್ಚೆಗೆ ಕೈ ಹಾಕಿದೆ.

ಮೊದಲ ಪ್ರಯೋಗ ತೊಡೆಯ ಒಳಭಾಗದಲ್ಲಿ. ನಾಯಕನಹಟ್ಟಿ ಜಾತ್ರೆಯಲ್ಲಿ ಕೈಗೆ ಹಚ್ಚೆ ಹಾಕುತ್ತಿದ್ದ ಹುಡುಗನನ್ನು ಮಾತಾಡಿಸಿ ಕರೆಸಿದೆ. ನನ್ನ ಒಂದು ಹಳೇ ಹೆಣ್ಣು ನಾಯಿ ಸಂತಾನಹರಣ ಆಪರೇಷನ್‌ಗೆ ಪ್ರಜ್ಞೆ ತಪ್ಪಿ ಮಲಗಿದ್ದಾಗ, ಹೊಸ ಸೂಜಿ ಹಾಕಿಸಿ ಮೆಷಿನ್‌ನಲ್ಲೇ ಬರೆಸಿದೆ. ಬಹಳ ಚೆನ್ನಾಗಿ ಬಂತು. ಆದರೆ ಕಾವಲು ನಾಯಿಯನ್ನು ಅಂಗಾತ ಮಲಗಿಸಿ ತೊಡೆ ಅಗಲಿಸಿ ಓದುವ ಧೈರ್ಯ ಯಾರಿಗಿದೆ? ಹೊರಗಿನವರು ಓದಲಾಗದ ಗುರುತು ಕುರಿಗಾರರಿಗೆ ಉಪಯೋಗಕ್ಕೆ ಬರಲ್ಲ. ಕಿವಿಯೇ ಸರಿ.

ಇಕ್ಕಳ, ಮುಳ್ಳಿನ ಅಂಕಿಗಳ ಸೆಟ್ ಸೇರಿ ಮೂರು ಸಾವಿರದ ಆಸುಪಾಸು. ಅದರ ಜೊತೆ ಬಂದ ಅಂಕಿ ದೊಡ್ಡವು, ಕುರಿ, ಮೇಕೆಗೆ ಆಗುವಂಥವು. ಮರಿ ಕಿವಿಗೆ ಕಾಲು ಇಂಚಿನ ಸಣ್ಣ ಅಂಕಿಯನ್ನು ಬೇರೆ ತರಿಸಬೇಕಾಯಿತು. ಮೊದಲ ಸೂಲಿನಲ್ಲಿ ಅರ್ಧ ಮರಿಗಳ ಹಚ್ಚೆ ಆರು ತಿಂಗಳಿಗೇ ಮಸುಕಾಯಿತು. ಎರಡು ಕಿವಿಯಲ್ಲಿ ಮುಳ್ಳು ಈ ಕಡೆಯಿಂದ ಆ ಕಡೆಗೆ ಬಂದು ರಕ್ತ ಜಾಸ್ತಿ ಸುರಿಯಿತು, ಮಸಿಯೆಲ್ಲ ರಕ್ತದ ಜೊತೆ ಹೊರಟುಹೋಯಿತು. ಹರಿದೇ ಹೋಗುತ್ತದೆ ಅಂದಿದ್ದ ಸ್ನೇಹಿತರು ಅದನ್ನೇ ಹಿಡಿದುಕೊಂಡರು.

ದಾರಿ ಸಿಕ್ಕಿದ್ದು ಟಾರ್ಚ್‌ನಿಂದ. ಕತ್ತಲೆ ಕೋಣೆಯಲ್ಲಿ ಮರಿಯ ಕಿವಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕಿವಿ ಕೆಂಪಗೆ ಹೊಳೆಯುತ್ತದೆ, ರಕ್ತನಾಳಗಳು ಕವಲು ಕವಲಾಗಿ ಕಾಣುತ್ತವೆ. ಎರಡು ದೊಡ್ಡ ಕವಲಿನ ನಡುವೆ, ಬುಡದ ಹತ್ತಿರ ಒಂದು ಖಾಲಿ ಜಾಗ ಇರುತ್ತದೆ. ಇಕ್ಕಳ ಬೀಳಬೇಕಾದ್ದು ಅಲ್ಲೇ. ಡಾಕ್ಟರು ಹೇಳಿದಷ್ಟೇ, ಜಾಗ ಮರಗಟ್ಟಿಸುವ ಲಿಗ್ನೋಕೇನ್ ಮುಲಾಮು ತೆಳುವಾಗಿ ಹಚ್ಚಿ, ಮುಕ್ಕಾಲು ಗಂಟೆ ಮರಿಯನ್ನು ತೊಡೆ ಮೇಲೆ ಇಟ್ಟುಕೊಂಡಿರುತ್ತೇನೆ. ನೆಲಕ್ಕೆ ಬಿಟ್ಟರೆ ಅಣ್ಣತಮ್ಮಂದಿರು ಬಂದು ನೆಕ್ಕುತ್ತವೆ. ಆಮೇಲೆ ಮುಲಾಮು ಒರೆಸಿ, ಸ್ಪಿರಿಟ್ ಹಚ್ಚಿ, ಪೂರ್ತಿ ಒಣಗಿಸಿ, ಮಸಿಯನ್ನು ಒತ್ತುವ ಮೊದಲೇ ಬಳಿಯುತ್ತೇನೆ. ಇಕ್ಕಳದ ಹಿಂದಿನ ದವಡೆಗೆ ದಪ್ಪ ರಬ್ಬರ್ ಕೊಟ್ಟಿದ್ದೇನೆ, ಮುಳ್ಳು ಆಚೆ ತೂರುವುದಿಲ್ಲ. ರಟ್ಟಿನ ಮೇಲೆ ಒಂದು ಸಲ ಒತ್ತಿ ಅಂಕಿ ಸರಿಯಾಗಿದೆಯಾ ನೋಡಿಕೊಂಡು, ಕಿವಿಗೆ ಒಂದೇ ಏಟು, ತಕ್ಷಣ ಬಿಡೋದು. ಮತ್ತೆ ಮಸಿ ಹಾಕಿ ಹೆಬ್ಬೆರಳಲ್ಲಿ ಉಜ್ಜಬೇಕು, ಅವಸರ ಮಾಡಬಾರದು. ಮಸಿಗೆ ನಾನು ಏನು ಬೆರೆಸುತ್ತೇನೆ ಅನ್ನೋದು ಡಾಕ್ಟರಿಗೆ ಗೊತ್ತು, ಅವರು ಒಪ್ಪಿದ್ದಾರೆ. ಅಷ್ಟು ಸಾಕು. ಕಪ್ಪು ಕಿವಿಯ ಮರಿಗೆ ಹಸಿರು ಮಸಿಯೇ ಬೇಕು, ಕಪ್ಪು ಮಸಿ ಕಾಣಲ್ಲ.

ಹೊಪ್ಪಳೆ ಏಳುತ್ತದೆ, ಕೆರೆಯಬೇಡಿ. ಅದು ತಾನಾಗೇ ಬೀಳಲಿ.

ನಾನು ಯಾವ ಅಂಕಿ ಹಾಕುತ್ತೇನೆ ಗೊತ್ತಾ? ಚಿಪ್‌ನ ಕೊನೆಯ ನಾಲ್ಕು ಅಂಕಿ. ಚಿಪ್ ನಂಬರಿನ ಮೊದಲ ಮೂರು ಅಂಕಿ ದೇಶದ್ದೋ ತಯಾರಕರದ್ದೋ ಸಂಕೇತ, ಒಂದು ಲಾಟ್‌ನಲ್ಲಿ ತರಿಸಿದ್ದಕ್ಕೆಲ್ಲ ಅದು ಒಂದೇ. ಮರಿಯಿಂದ ಮರಿಗೆ ಬೇರೆಯಾಗೋದು ಕೊನೆಯಲ್ಲೇ. ಕಿವಿಯ ನಾಲ್ಕು ಅಂಕಿ ನೋಡಿದವರಿಗೆ ಈ ನಾಯಿಗೆ ಯಜಮಾನ ಇದ್ದಾನೆ ಅಂತ ಗೊತ್ತಾಗುತ್ತದೆ. ಕದ್ದವನು ಕಿವಿಯನ್ನೇ ಕತ್ತರಿಸಿದರೂ ಚಿಪ್ ಒಳಗೇ ಇರುತ್ತದೆ. ಹಚ್ಚೆ ಮಸುಕಾದರೆ ಹಿಂದಿನಿಂದ ಟಾರ್ಚ್ ಬಿಟ್ಟು ಓದಬಹುದು.

ಮಧ್ಯೆ ಮೂಗಿನ ಅಚ್ಚಿನ ಹುಚ್ಚೂ ಹಿಡಿದಿತ್ತು. ನಾಯಿಯ ಮೂಗಿನ ಗೆರೆ ನಮ್ಮ ಬೆರಳಚ್ಚಿನ ಹಾಗೆ ಒಂದೊಂದಕ್ಕೆ ಬೇರೆ. ಸ್ಟಾಂಪ್ ಪ್ಯಾಡ್ ಒತ್ತಿ ಕಾಗದಕ್ಕೆ ತೆಗೆಯೋಣ ಅಂದರೆ ಒದ್ದೆ ಮೂಗು, ಬರೀ ಕಲೆ. ಒರೆಸಿ ಹತ್ತಿರದಿಂದ ಫೋಟೋ ತೆಗೆದರೆ ಚೆನ್ನಾಗಿ ಬರುತ್ತದೆ. ಈಗ ಪ್ರತಿ ಮರಿಯದ್ದೂ ಒಂದು ತೆಗೆದಿಟ್ಟಿರುತ್ತೇನೆ, ಖರ್ಚಿಲ್ಲದ ಕೆಲಸ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಜಗಳ. ನಮ್ಮ ಕಡೆಯ ಕುರಿಗಾರರೊಬ್ಬರ ಗಂಡು ನಾಯಿ ಹಿರಿಯೂರು ದಾರಿಯಲ್ಲಿ ಕಾಣೆಯಾಯಿತು. ವರ್ಷ ಕಳೆಯುವ ಹೊತ್ತಿಗೆ ಒಂದು ತೋಟದ ಮನೆಯಲ್ಲಿ ಕಂಡಿತು. ತೋಟದವರು "ನಮ್ಮದೇ, ಮರಿಯಿಂದ ಸಾಕಿದ್ದು" ಅಂದರು. ನಾಯಿಯೂ ಇಬ್ಬರಿಗೂ ಬಾಲ ಅಲ್ಲಾಡಿಸಿತು! ಕಟ್ಟೆ ಮೇಲೆ ಹಿರಿಯರು ಸೇರಿದರು. ನಾನು ಮೊದಲು ಮರಿಗಳ ನಂಬರ್ ಬರೆದಿಡುವ ನನ್ನ ಪುಸ್ತಕದ ಪುಟ ತೆಗೆದು ಅವರ ಕೈಗೇ ಕೊಟ್ಟೆ. ಆಮೇಲೆ ಕಂಬಳಿ ಮರೆಮಾಡಿ ಕಿವಿ ಹಿಂದೆ ಟಾರ್ಚ್ ಹಿಡಿದೆ. ನಾಲ್ಕು ಅಂಕಿಯನ್ನು ಅಲ್ಲಿದ್ದ ಶಾಲೆ ಹುಡುಗನೇ ಜೋರಾಗಿ ಓದಿದ. ರೀಡರ್ ಬಲಭುಜದ ಮೇಲೆ ಬೀಪ್ ಅಂತು, ಹದಿನೈದೂ ಅಂಕಿ ತಾಳೆಯಾಯಿತು. ತೋಟದವರು ಆಗ ಸಂತೆಯಲ್ಲಿ ಯಾರಿಂದಲೋ ದುಡ್ಡು ಕೊಟ್ಟು ತಂದಿದ್ದು ಅಂತ ಒಪ್ಪಿಕೊಂಡರು. ಅವರು ನಾಯಿಯನ್ನು ಚೆನ್ನಾಗೇ ಸಾಕಿದ್ದರು, ಅದಕ್ಕೆ ಹಿರಿಯರು ಸ್ವಲ್ಪ ದುಡ್ಡು ಕೊಡಿಸಿದರು. ಎರಡು ಗುರುತಿನಲ್ಲಿ ಒಂದೇ ಇದ್ದಿದ್ದರೆ ಮಾತು ಇನ್ನೂ ಎಳೆದಾಡುತ್ತಿತ್ತು.

ಖರ್ಚು ಹೇಳುತ್ತೇನೆ. ಒಟ್ಟಿಗೆ ತರಿಸಿದರೆ ಸಣ್ಣ ಚಿಪ್ ಒಂದಕ್ಕೆ ನಾನೂರೋ ನಾನೂರೈವತ್ತೋ ಬೀಳುತ್ತದೆ. ಡಾಕ್ಟರ ಫೀಸು, ಮುಲಾಮು, ಮಸಿ ಸೇರಿ ಮರಿಗೆ ಏಳೆಂಟು ನೂರು. ಪೇಟೆಯವರಿಗೆ ಮರಿ ಬೆಲೆಯಲ್ಲೇ ಸೇರಿಸುತ್ತೇನೆ, ಕುರಿಗಾರರಿಂದ ಚಿಪ್ಪಿನ ದುಡ್ಡು ಮಾತ್ರ. ಚಿಪ್ ಜೊತೆ ಬರುವ ಬಾರ್‌ಕೋಡ್ ಚೀಟಿಗಳಲ್ಲಿ ಒಂದು ಲಸಿಕೆ ಪುಸ್ತಕಕ್ಕೆ, ಒಂದು ನನ್ನ ಪುಸ್ತಕಕ್ಕೆ, ಇನ್ನೊಂದು ಮರಿ ಕೊಂಡವರ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ. ಫೋನ್ ನಂಬರ್ ಬದಲಾದರೆ ನನಗೆ ತಿಳಿಸಲೇಬೇಕು ಅನ್ನೋದು ಷರತ್ತು. ಪ್ರತಿ ವರ್ಷ ರೇಬಿಸ್ ಲಸಿಕೆಗೆ ಬಂದಾಗ ರೀಡರ್ ಹಿಡಿದು, ಚಿಪ್ ಜಾರಿದ್ದರೆ ಎಲ್ಲಿದೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಇಕ್ಕಳ ಹಿಡಿಯೋದನ್ನು ಕಲಿಯಬೇಕು ಅನ್ನುವವರು ಮುಂದಿನ ಸೂಲಿಗೆ ಬನ್ನಿ. ಮರಿಗಳಿಗೆ ಏಳು ವಾರ ತುಂಬಿದಾಗ ಮಾಡುತ್ತೇನೆ. ರಬ್ಬರ್ ತುಂಡು ನೀವೇ ತನ್ನಿ.