ಏನೂ ಗ್ಯಾರಂಟಿ ಇಲ್ಲದ ದಿನಗಳಲ್ಲಿ ಮನೆಯಲ್ಲೇ ಖುಷಿಯಾಗಿರುವುದು ಹೇಗೆ?

ನಮ್ಮ ಯಜಮಾನರು ಪೀಣ್ಯದ ಒಂದು ಲೇತ್ ವರ್ಕ್‌ಶಾಪ್‌ನಲ್ಲಿದ್ದಾರೆ. ಈಗ ಆರ್ಡರ್ ಕಡಿಮೆ, ರಜೆ ಜಾಸ್ತಿ. ಮಗನಿಗೆ ಆಫರ್ ಲೆಟರ್ ಬಂದಿದೆ, ಸೇರುವ ತಾರೀಖು ಬಂದಿಲ್ಲ. ಹೀಗಾಗಿ ಶ್ರೀನಗರದ ನಮ್ಮ ಬಾಡಿಗೆ ಮನೆಯಲ್ಲಿ ಹಗಲು ಹೊತ್ತೂ ಎಲ್ಲರೂ ಇರುತ್ತೇವೆ, ನಮ್ಮತ್ತೆಯೂ ಸೇರಿ. ಇಂಥ ಮನೆಗಳು ಬೆಂಗಳೂರಲ್ಲಿ ಬೇಕಾದಷ್ಟಿವೆ, ಅಲ್ವಾ? ಅಂಥವರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಹಿಡಿದ ಕೆಲಸ ಇವತ್ತೇ ಮುಗಿಯಬೇಕು, ಇಲ್ಲಾಂದ್ರೆ ಇವತ್ತು ಒಂದಿಷ್ಟಾದರೂ ಕಣ್ಣಿಗೆ ಕಾಣಬೇಕು. ಮೇಲ್ ಯಾವಾಗ ಬರುತ್ತದೆ, ಆರ್ಡರ್ ಯಾವಾಗ ಬರುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಒಂದು ಸೇರು ಅವರೆಕಾಯಿ ಸುಲಿಯೋದು ಕೈಯಲ್ಲಿದೆ. ತಿಂಗಳಲ್ಲಿ ಚಿತ್ರ ಬರೆಯೋದು ಕಲಿಯಿರಿ ಅನ್ನೋ ಥರದ್ದು ಈಗ ಬೇಡ. ನಡುವೆ ನಿಂತುಹೋದರೆ ಅದೂ ಒಂದು ಚಿಂತೆ. ದುಡ್ಡು ಕೊಟ್ಟು ಸಾಮಾನು ತರಿಸುವ ಹವ್ಯಾಸವಂತೂ ಬೇಡವೇ ಬೇಡ.

ಮೊದಲು ಟಿವಿ ಆರಿಸಿ. ನ್ಯೂಸ್ ಪೂರ್ತಿ ಬಿಡಿ ಅನ್ನಲ್ಲ, ನಮ್ಮತ್ತೆ ಒಪ್ಪೋದೂ ಇಲ್ಲ. ಬೆಳಿಗ್ಗೆ ಪೇಪರ್, ರಾತ್ರಿ ಒಂದು ಸಲ ವಾರ್ತೆ, ಸಾಕು. ನಡುವೆ ರೇಡಿಯೋ ಇರಲಿ. ವಿವಿಧ ಭಾರತಿ 102.9ರಲ್ಲಿ ಸಿಗುತ್ತದೆ. ಹಾಡು ಕೇಳುತ್ತಾ ಕೈಕೆಲಸ ಸಾಗುತ್ತದೆ. ಟಿವಿ ಮುಂದೆ ಕೂತರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ.

ಆಮೇಲೆ ಚೌಕಾಬಾರ. ಚಿಕ್ಕಂದಿನಲ್ಲಿ ಆಡಿದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಕ್ಕೆ 5, ಉದ್ದಕ್ಕೆ 5, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಕತ್ತರಿ ಗುರುತು ಹಾಕಿ. ಕವಡೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹುಣಸೆ ಬೀಜ ಇದ್ದರೆ ಅದೂ ಬೇಕಿಲ್ಲ. ನಾಲ್ಕು ಬೀಜ ತಗೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದೇ ಮಗ್ಗುಲು ತಿಕ್ಕಿ. ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಹಾಕಿದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿ ಬಂದರೆ ಚೌಕ, ಒಂದೂ ಬರದಿದ್ದರೆ ಬಾರ, ಅಂದರೆ 8. ಎರಡಕ್ಕೂ ಇನ್ನೊಂದು ಸಲ ಹಾಕಬಹುದು. ಹೊರಗಿನ ಸುತ್ತು ಮುಗಿಸಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಾದರೂ ಕಡಿದಿರಬೇಕು. ಕತ್ತರಿ ಮನೆಯಲ್ಲಿ ಕೂತವರನ್ನು ಕಡಿಯುವ ಹಾಗಿಲ್ಲ. ಮಧ್ಯಕ್ಕೆ ಬಂದ ಕಾಯಿ ಹಣ್ಣು. ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ ಇರುತ್ತದೆ, ಆಟಕ್ಕೆ ಮೊದಲೇ ಜಗಳ ಮುಗಿಸಿಕೊಳ್ಳಿ.

ಕಾಯಿ ಏನಾದರೂ ಆಗಬಹುದು. ಅತ್ತೆಯದು ಒಡೆದ ಬಳೆ ಚೂರು, ಯಜಮಾನರದ್ದು ಕಬ್ಬಿಣದ ನಟ್ಟು. ಅತ್ತೆಗೆ ಮೊಮ್ಮಗ ಅನ್ನೋ ಕರುಣೆ ಆಟದಲ್ಲಿ ಇಲ್ಲ. "ನಿನ್ನ ಕಾಯಿ ಹಣ್ಣಾಗೋ ಹೊತ್ತಿಗೆ ನಿನ್ನ ಕಂಪನಿ ಕಾಗದಾನೇ ಬಂದಿರುತ್ತೆ ಕಣೋ" ಅಂತ ಕಡಿದು ವಾಪಸ್ ಕಳಿಸುತ್ತಾರೆ. ಆ ಕಾಗದದ ವಿಷಯ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಈಗ ಅವನೇ ನಗುತ್ತಾನೆ.

ಕಿಟಕಿ ಹತ್ತಿರ ಬಿಸಿಲು ಬಿದ್ದರೆ ಮೆಂತ್ಯ ಹಾಕಿ. ಸಾಸಿವೆ ಡಬ್ಬಿ ಪಕ್ಕದಲ್ಲಿರೋ ಮೆಂತ್ಯವೇ ಆಗುತ್ತದೆ, ಬೀಜದ ಪ್ಯಾಕೆಟ್ ಬೇಡ. ಒಂದು ಹಿಡಿ ರಾತ್ರಿ ನೆನೆಹಾಕಿ. ತಳಕ್ಕೆ ತೂತು ಮಾಡಿದ ಹಳೇ ಡಬ್ಬದಲ್ಲಿ ನಾಲ್ಕು ಬೆರಳು ಮಣ್ಣು ತುಂಬಿ, ಕಾಳು ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಎರಡು ಮೂರು ದಿನಕ್ಕೆ ಮೊಳಕೆ, ಎರಡು ವಾರಕ್ಕೆ ರೊಟ್ಟಿಗೆ ಹಾಕುವಷ್ಟು ಎಳೆ ಸೊಪ್ಪು. ನೀರು ಅಕ್ಕಿ ತೊಳೆದದ್ದೇ ಸಾಕು. 2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರ ಆದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ, ಆವಾಗಿನಿಂದ ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಸಿಂಕಿಗೆ ಹೋಗುವುದಿಲ್ಲ.

ಡಿಸೆಂಬರ್, ಜನವರಿ ಆದರೆ ಬೇರೆ ಯೋಚನೆಯೇ ಬೇಡ. ಸೊಗಡಿರುವ ಅವರೆಕಾಯಿ ತನ್ನಿ, ಮಾಗಡಿ ಕಡೆಯದಾದರೆ ಕೇಳೋದೇ ಬೇಡ. ಸುಲಿದ ಕಾಳನ್ನು ರಾತ್ರಿಯೆಲ್ಲ ನೆನೆಸಿಟ್ಟು, ಬೆಳಿಗ್ಗೆ ಎಲ್ಲರನ್ನೂ ಪಾತ್ರೆಯ ಸುತ್ತ ಕೂರಿಸಿ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಿಮ್ಮುತ್ತದೆ. ಪಾತ್ರೆಗೆ ಗುರಿ ಇಡದಿದ್ದರೆ ಸೋಫಾ ಕೆಳಗೆ ಹುಡುಕಬೇಕಾಗುತ್ತದೆ. ಯಜಮಾನರ ಹೆಬ್ಬೆರಳು ಕಬ್ಬಿಣ ಹಿಡಿದು ಒರಟಾಗಿದೆ, ಗೆರೆಯೊಳಗಿನ ಎಣ್ಣೆ ಕಪ್ಪು ಯಾವ ಸೋಪಿಗೂ ಹೋಗಿಲ್ಲ. ಅದೇ ಬೆರಳಲ್ಲಿ ಒಂದು ಬೇಳೆಯೂ ಮುರಿಯದ ಹಾಗೆ ಹಿತುಕುತ್ತಾರೆ. ನನಗಿಂತ ಬೇಗ ಬೇರೆ.

ಈ ಕೆಲಸಕ್ಕೆ ಇನ್ನೊಂದು ಗುಣ ಇದೆ. ಎಲ್ಲರ ಕಣ್ಣೂ ಪಾತ್ರೆಯ ಮೇಲೆ ಇರುತ್ತದೆ, ಹಾಗಾಗಿ ಮಾತು ಸಲೀಸಾಗಿ ಬರುತ್ತದೆ. ಬೇರೆ ಕಡೆಯೂ ಅರ್ಜಿ ಹಾಕ್ತಿದ್ದೀನಿ ಅಂತ ಮಗ ಅಪ್ಪನಿಗೆ ಹೇಳಿದ್ದು ಬೇಳೆ ಹಿತುಕುವಾಗಲೇ. ಎದುರು ಕೂರಿಸಿಕೊಂಡು ಕೇಳಿದ್ದರೆ "ಏನಿಲ್ಲಪ್ಪ" ಅಂತ ಎದ್ದು ಹೋಗುತ್ತಿದ್ದ. ಸೀಸನ್ ಇಲ್ಲದಾಗ ಬೆಳ್ಳುಳ್ಳಿ ಸುಲಿಯೋದು, ಸೊಪ್ಪು ಬಿಡಿಸೋದು ಮಾಡಿ. ಅಷ್ಟು ಮಜಾ ಬರಲ್ಲ, ಆದರೂ ನಡೆಯುತ್ತದೆ.

ಒಬ್ಬರೇ ಇರುವವರಿಗೆ ರಂಗೋಲಿ. 7ರಿಂದ 4 ಸಂದು ಚುಕ್ಕಿ ಇಡಿ, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ನೇರವಾಗಿ ಮುಂದಿನ ಸಾಲಿನ ಚುಕ್ಕಿ ಬರಬೇಕು. ನಡುವಿನ ಸಾಲು 7, ಅದರ ಮೇಲೂ ಕೆಳಗೂ 6, 5, 4. ಒಟ್ಟು 37 ಚುಕ್ಕಿ. ಚುಕ್ಕಿ ಬದಲಾಯಿಸಬೇಡಿ, ದಿನಾ ಗೆರೆ ಮಾತ್ರ ಬೇರೆ ಎಳೆಯಿರಿ. ಇವತ್ತು ನಕ್ಷತ್ರ, ನಾಳೆ ಹೂವು, ನಾಡಿದ್ದು ಏನೋ ಒಂದು. ಸ್ಟೇಟಸ್‌ಗೆ ಹಾಕೋದು ನಿಮ್ಮಿಷ್ಟ, ಆದರೆ ಹಾಕಿದ ಮೇಲೆ ಯಾರು ನೋಡಿದರು ಅಂತ ಕೂತು ಕಾಯೋದು ಸುಮ್ನೆ ಇನ್ನೊಂದು ತಲೆನೋವು. ಅಪಾರ್ಟ್‌ಮೆಂಟಿನಲ್ಲಿ ಬಾಗಿಲ ಮುಂದೆ ಜಾಗ ಇಲ್ಲದಿದ್ದರೆ ಹಳೇ ನೋಟ್‌ಬುಕ್ಕಿನ ಹಾಳೆ ಮೇಲೆ ಬರೆಯಿರಿ. ನೆಲದ ಮೇಲೆ ಹಾಕುವವರು ಅಂಗಡಿಯಲ್ಲಿ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿ ತನ್ನಿ. ತೀರಾ ನುಣ್ಣಗಿದ್ದರೆ ಬೆರಳಿಗೆ ಅಂಟುತ್ತದೆ, ಗೆರೆ ಸರಿಯಾಗಿ ಬೀಳಲ್ಲ. ಸ್ವಲ್ಪ ತರಿ ಇರೋದನ್ನೇ ಕೇಳಿ.