ಒಬ್ಬನೇ ಹೀರೋ, ನಾಲ್ಕು ಕಾಲದ ಕನ್ಸೋಲ್: ಕಾಮಿಕ್ಸ್ ಗೇಮ್‌ಗಳನ್ನು ಆಡೋದು ಹೇಗೆ

ಕಾಮಿಕ್ಸ್ ಹೀರೋಗಳ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಮೆಷೀನ್) ಗೇಮ್‌ಗಳಿಗೆ ನಾಲ್ಕು ದಶಕ ದಾಟಿದೆ. 1979ರ ಅಟಾರಿ 2600 ಸೂಪರ್‌ಮ್ಯಾನ್‌ನಿಂದ ಶುರು ಮಾಡಿ, ವರ್ಷದ ಪ್ರಕಾರ ಒಂದೊಂದೇ ಮುಗಿಸುತ್ತಾ ಬರ್ತೀನಿ ಅಂತ ಹೊರಟರೆ ಎಂಬತ್ತರ ದಶಕ ದಾಟುವ ಮುಂಚೆಯೇ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಅದರ ಬದಲು ಒಬ್ಬ ಹೀರೋನ ಹಿಡಿದುಕೊಳ್ಳಿ. ಒಂದು ಕಾಲದ ಕನ್ಸೋಲ್‌ಗೆ ಒಂದೇ ಗೇಮ್ ಸಾಕು. ನನ್ನ ಓಟು ಸ್ಪೈಡರ್‌ಮ್ಯಾನ್‌ಗೆ. ಯಾಕಂದ್ರೆ ಬಲೆ ಹಾಕಿ ತೂಗಾಡೋದು ಅನ್ನುವ ಒಂದೇ ಕೆಲಸವನ್ನು ಪ್ರತಿ ಮೆಷೀನೂ ತನ್ನ ಕೈಲಾದಷ್ಟು ಮಾಡಿ ತೋರಿಸಿದೆ.

ಮೊದಲು 1982ರ ಅಟಾರಿ ಸ್ಪೈಡರ್‌ಮ್ಯಾನ್. ಕೆಲಸ ಇಷ್ಟೇ, ಕಟ್ಟಡ ಹತ್ತುವುದು. ಬಲೆಯ ದ್ರವ ಖರ್ಚಾಗುತ್ತಾ ಹೋಗುತ್ತದೆ, ಹಾಗಾಗಿ ಸುಮ್ನೆ ಬಟನ್ ಒತ್ತುತ್ತಾ ಇರಬೇಡಿ. ಬಿದ್ದರೆ ಗಾಬರಿ ಬೇಡ, ಬೀಳುತ್ತಿರುವಾಗಲೇ ಇನ್ನೊಂದು ಬಲೆ ಹಾಕಿ ತಪ್ಪಿಸಿಕೊಳ್ಳಬಹುದು. ಅರ್ಧ ಗಂಟೆ ಆಡಿ ಮುಂದೆ ಹೋಗಿ.

ಆಮೇಲೆ ಪ್ಲೇಸ್ಟೇಷನ್ 1ರ 2000ದ ಸ್ಪೈಡರ್‌ಮ್ಯಾನ್. ಇದರಲ್ಲಿ ಊರು ಪೂರ್ತಿ ಇಲ್ಲ. ಬೀದಿ ಇರಬೇಕಾದ ಕಡೆ ಬರೀ ಮಂಜು. ಅಷ್ಟು ದೊಡ್ಡ ಊರು ತೋರಿಸುವ ತಾಕತ್ತು ಆ ಮೆಷೀನಿಗೆ ಇರಲಿಲ್ಲ. ಅದಕ್ಕೆ ಕಥೆಯಲ್ಲೇ ವಿಷದ ಮಂಜು ಅಂತ ಒಂದು ನೆಪ ಹುಡುಕಿದರು. ಜಾಣತನ ಅಲ್ವಾ? ಆ ಮಂಜಿಗೆ ಬಿದ್ದರೆ ಕಥೆ ಮುಗೀತು, ಮಹಡಿಗಳ ಮೇಲೇ ಇರಿ. ಡಿಸ್ಕ್ ಪ್ಲೇಸ್ಟೇಷನ್ 2ರಲ್ಲೂ ಓಡುತ್ತದೆ, ಆದರೆ ಸೇವ್ ಆಗಬೇಕಾದರೆ ಪ್ಲೇಸ್ಟೇಷನ್ 1ರ ಮೆಮೊರಿ ಕಾರ್ಡೇ ಬೇಕು. ಪಿಎಸ್2 ಕಾರ್ಡ್ ಹಾಕಿಕೊಂಡು ರಾತ್ರಿಯೆಲ್ಲ ಆಡಿದರೆ ಬೆಳಗ್ಗೆ ಮತ್ತೆ ಮೊದಲಿಂದ.

ಈಗ ಜಾಸ್ತಿ ಸಮಯ ಕೊಡಬೇಕಾದ ಗೇಮ್: 2004ರ ಸ್ಪೈಡರ್‌ಮ್ಯಾನ್ 2. ಪಿಎಸ್2, ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್, ಈ ಮೂರರಲ್ಲಿ ಯಾವುದಾದರೂ ಸರಿ. ಪಿಸಿ ವರ್ಷನ್ ಮಾತ್ರ ತಗೋಬೇಡಿ. ಹೆಸರು ಅದೇ, ಒಳಗಿರುವುದು ಬೇರೆಯೇ ಗೇಮ್. ಮಕ್ಕಳಿಗೆ ಅಂತ ಸುಲಭ ಮಾಡಿದ್ದಾರೆ, ತೋರಿಸಿದ ಜಾಗಕ್ಕೆ ಮಾತ್ರ ಬಲೆ ಅಂಟುತ್ತದೆ. ಕನ್ಸೋಲ್ ವರ್ಷನ್‌ನಲ್ಲಿ ಬಲೆ ನಿಜವಾಗಿ ಕಟ್ಟಡಕ್ಕೆ ಅಂಟಬೇಕು, ಆಕಾಶಕ್ಕೆ ಅಂಟಲ್ಲ. ಪಿಎಸ್2ರಲ್ಲಿ ಕಂಟ್ರೋಲರ್‌ನ ಆರ್2 ಬಟನ್ ಒತ್ತಿ ಹಿಡಿಯಿರಿ, ಕೆಳಗಿಳಿದು ಮತ್ತೆ ಮೇಲೇರುವಾಗ ಜಂಪ್ ಒತ್ತಿ, ಗಾಳಿಯಲ್ಲಿರುವಾಗಲೇ ಮುಂದಿನ ಕಟ್ಟಡ ನೋಡಿಕೊಂಡು ಮತ್ತೆ ಆರ್2. ಬೇಗ ಬಿಟ್ಟರೆ ವೇಗ ಸಿಗಲ್ಲ, ತಡ ಮಾಡಿದರೆ ಗೋಡೆಗೆ ಢೀ. ಕಥೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಇದೊಂದನ್ನೇ ಆಡಿ, ಕೈಗೆ ಹತ್ತಿದ ಮೇಲೆ ಪಿಜ್ಜಾ ಡೆಲಿವರಿ ಮಿಷನ್‌ಗಳಿಗೆ ಹೋಗಿ. ಅಲ್ಲಿನ ಸಂಗೀತ ತಲೆಯಿಂದ ಇಳಿಯಲ್ಲ, ಮೊದಲೇ ಹೇಳಿದ್ದೇನೆ. ಗೇಮ್‌ಕ್ಯೂಬ್ ಇಲ್ಲದವರು ನಿಂಟೆಂಡೋದ ವೀ (Wii) ಕನ್ಸೋಲ್‌ನ ಹಳೇ ಮಾಡೆಲ್ ಹುಡುಕಿ, ಅದರಲ್ಲಿ ಗೇಮ್‌ಕ್ಯೂಬ್ ಡಿಸ್ಕ್ ಓಡುತ್ತದೆ.

ಕೊನೆಗೆ 2018ರ ಪಿಎಸ್4 ಗೇಮ್ (ಪಿಸಿಗೆ 2022ರಲ್ಲಿ ಬಂತು), ಅಥವಾ 2023ರ ಪಿಎಸ್5ನದು. ಹುಡುಕುವಾಗ ಎಚ್ಚರ, 2023ರದ್ದರ ಹೆಸರಲ್ಲೂ ಸ್ಪೈಡರ್‌ಮ್ಯಾನ್ 2 ಅಂತಲೇ ಇದೆ, ವರ್ಷ ನೋಡಿಕೊಳ್ಳಿ. ಅದರ ಸೆಟ್ಟಿಂಗ್ಸ್‌ನಲ್ಲಿ ತೂಗಾಟಕ್ಕೆ ಸಹಾಯ ಮಾಡುವ ಆಯ್ಕೆಯನ್ನು ಸೊನ್ನೆಗೆ ಇಳಿಸಿ, ಬಿದ್ದರೆ ಪೆಟ್ಟಾಗುವ ಆಯ್ಕೆ ಆನ್ ಮಾಡಿ. 2004ರದ್ದನ್ನು ಆಡಿ ಪಳಗಿದ ಕೈಗೆ ಆಗಲೇ ಮಜಾ.

ಬ್ಯಾಟ್‌ಮ್ಯಾನ್ ಬೇಕು ಅನ್ನುವವರು ನಿಂಟೆಂಡೋದ ಹಳೇ ಕನ್ಸೋಲ್ ಎನ್‌ಇಎಸ್‌ಗೆ ಸನ್‌ಸಾಫ್ಟ್‌ನವರು ಮಾಡಿದ ಗೇಮ್ ಆಡಿ ನೇರ 2009ರ ಅರ್ಕಮ್ ಅಸೈಲಮ್‌ಗೆ ಹಾರಿ. ಎಕ್ಸ್‌ಮೆನ್ ಹಿಡಿದವರಿಗೆ ಒಂದು ಗುಟ್ಟು ಹೇಳಲೇಬೇಕು. 1993ರ ಸೆಗಾ ಜೆನೆಸಿಸ್ ಗೇಮ್‌ನಲ್ಲಿ ಒಂದು ಕಡೆ ಕಂಪ್ಯೂಟರ್ ರೀಸೆಟ್ ಮಾಡಬೇಕು. ಎಷ್ಟು ಹುಡುಕಿದರೂ ಪರದೆ ಮೇಲೆ ಅಂಥ ಬಟನ್ ಸಿಗಲ್ಲ. ಎದ್ದು ಹೋಗಿ ಕನ್ಸೋಲ್‌ನ ರೀಸೆಟ್ ಬಟನ್ನೇ ಮೆಲ್ಲಗೆ ತಟ್ಟಬೇಕು! ಒತ್ತಿ ಹಿಡಿದರೆ ನಿಜವಾಗಲೂ ರೀಸೆಟ್ ಆಗಿಬಿಡುತ್ತದೆ. ಕೈಲಿ ಹಿಡಿದು ಆಡುವ ಸೆಗಾ ನೋಮ್ಯಾಡ್‌ನಲ್ಲಿ ಆ ಬಟನ್ನೇ ಇಲ್ಲ, ಅಲ್ಲಿ ಆಟ ಅಷ್ಟಕ್ಕೇ.

ತಗೊಳ್ಳುವ ಮುಂಚೆ ಒಂದು ಮಾತು. ಇವೆಲ್ಲ ಹೀರೋನ ಹಕ್ಕು ಇರುವವರು ಕೊಟ್ಟ ಲೈಸೆನ್ಸ್ ಮೇಲೆ ನಡೆಯುವ ಗೇಮ್‌ಗಳು, ಲೈಸೆನ್ಸ್ ಮುಗಿದರೆ ಡಿಜಿಟಲ್ ಅಂಗಡಿಯಿಂದ ಮಾಯ. ಸ್ಕಾಟ್ ಪಿಲ್‌ಗ್ರಿಮ್ ಅನ್ನುವ ಕಾಮಿಕ್ಸ್‌ನ ಗೇಮ್ 2014ರಲ್ಲಿ ಹೋಗಿದ್ದು ಮತ್ತೆ ಬಂದದ್ದು 2021ಕ್ಕೆ. ಅದಕ್ಕೇ ಹಳೇದಕ್ಕೆ ಡಿಸ್ಕೇ ವಾಸಿ. ಡಿಸ್ಕ್ ಡ್ರೈವ್ ಇರುವ ಕನ್ಸೋಲೇ ತಗೊಳ್ಳಿ, ಪಿಎಸ್3 ಡಿಸ್ಕ್ ಪಿಎಸ್5ರಲ್ಲಿ ಓಡಲ್ಲ ಅನ್ನೋದೂ ನೆನಪಿರಲಿ. ಹೊಸ ಟಿವಿಗೆ ಹಳೇ ಕನ್ಸೋಲ್ ಹಾಕುವುದಾದರೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ, ಇಲ್ಲದಿದ್ದರೆ ಬಟನ್ ಒತ್ತಿದ್ದಕ್ಕೂ ಹೀರೋ ಹಾರಿದ್ದಕ್ಕೂ ತಾಳೆಯಾಗಲ್ಲ. ಪರದೆಯ ಅಳತೆ 4:3ಕ್ಕೆ ಇಡಿ, ಇಲ್ಲದಿದ್ದರೆ ಸ್ಪೈಡರ್‌ಮ್ಯಾನ್ ಗುಂಡಗಾಗಿ ಕಾಣ್ತಾನೆ.